ಅಂದಾಜುಪಟ್ಟಿಯಲ್ಲಿ ಅವಳಿಲ್ಲ



ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಟ್ಯಾಬ್‌ನಲ್ಲಿ ಆಟವಾಡುತ್ತಿದ್ದಳು. ಅವಳು ಆರಿಸಿಕೊಂಡದ್ದು ಹುಡುಗನ ಪಾತ್ರ. ಯಾಕವ್ವಾ ಎಂದು ಕೇಳಿದೆ. “ಹುಡುಗಿ ಹೈಹೀಲ್ಸ್ ಹಾಕ್ಯಾಳ ಅಜ್ಜ, ಅದ್ರಾಗ ಹ್ಯಾಂಗ ಓಡತಾಳ?” ಎಂದಳು. ವಿಡಿಯೋ ಗೇಮ್ ಎಂದರೆ ಮಕ್ಕಳ ಕಣ್ಣು ಕೆಡಿಸುವ ವಸ್ತು ಎಂದಷ್ಟೇ ತಿಳಿದಿದ್ದ ನಾನು ಅಂದಿನಿಂದ ಅದರೊಳಗಿನ ಚಿತ್ರಗಳನ್ನು ಗಮನಿಸತೊಡಗಿದೆ.

ಜಪಾನಿನ ನಾಮ್ಕೋ ಕಂಪನಿ 1980ರಲ್ಲಿ ತಂದ ಪ್ಯಾಕ್-ಮ್ಯಾನ್ ಒಂದು ಹಳದಿ ವೃತ್ತ, ಬಾಯಿಗೊಂದು ಸೀಳು. ವೃತ್ತಕ್ಕೆ ಎಲ್ಲಿಯ ಗಂಡು, ಎಲ್ಲಿಯ ಹೆಣ್ಣು? ಆದರೂ ಅದು ಗಂಡಾಯಿತು. 1982ರಲ್ಲಿ ಅಮೆರಿಕದಲ್ಲಿ ಮಿಸ್ ಪ್ಯಾಕ್-ಮ್ಯಾನ್ ಬಂದಾಗ ಅದೇ ವೃತ್ತಕ್ಕೆ ರಿಬ್ಬನ್ನು ಕಟ್ಟಿ ತುಟಿಗೆ ಬಣ್ಣ ಬಳಿದರು. ಗಂಡು ಮೂಲ ನಕ್ಷೆ, ಹೆಣ್ಣು ಅದರ ಮೇಲಿನ ಅಲಂಕಾರ. 1986ರ ಮೆಟ್ರಾಯ್ಡ್‌ನಲ್ಲಿ ಆಟವನ್ನು ಬೇಗ ಮುಗಿಸಿದವರಿಗೆ ಕವಚದೊಳಗಿನ ಯೋಧ ಹೆಣ್ಣೆಂದು ತಿಳಿಯುತ್ತದೆ. ಸಂತೋಷ. ಇನ್ನೂ ಬೇಗ ಮುಗಿಸಿದರೆ ಆಕೆ ಈಜುಡುಗೆಯಲ್ಲಿ ನಿಲ್ಲುತ್ತಾಳೆ. ಬಹುಮಾನವಂತೆ!

ಇವು ಹಳೆಯವು ಎನ್ನಬಹುದು. ನನ್ನನ್ನು ಹೆಚ್ಚು ಕಾಡಿದ್ದು 2014ರ ಪ್ರಸಂಗ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿಯಲ್ಲಿ ನಾಲ್ವರು ಕೂಡಿ ಆಡಬಹುದು, ನಾಲ್ವರೂ ಗಂಡಸರೇ. ಕೇಳಿದಾಗ ಬಂದ ಉತ್ತರ: ಹೆಣ್ಣು ಪಾತ್ರವಿಟ್ಟರೆ ಚಲನೆ, ಉಡುಪು ಎಲ್ಲವೂ ಎರಡರಷ್ಟು ಕೆಲಸ. ಅದೇ ಸರಣಿಯ ಹಿಂದಿನ ಆಟಕ್ಕೆ ದುಡಿದಿದ್ದ ಅನಿಮೇಟರ್ ಜೊನಾಥನ್ ಕೂಪರ್ ಮಾತ್ರ, ಇದು ಒಂದೆರಡು ದಿನದ ಕೆಲಸ ಎಂದರು. ಕಥೆ ನಡೆಯುವುದು ಫ್ರೆಂಚ್ ಕ್ರಾಂತಿಯ ಪ್ಯಾರಿಸ್‌ನಲ್ಲಿ. ಅದೇ ಊರಲ್ಲಿ 1793ರಲ್ಲಿ ಕ್ರಾಂತಿಯ ಮುಖಂಡ ಮಾರಾನನ್ನು ಕೊಂದವಳು ಶಾರ್ಲಟ್ ಕಾರ್ಡೆ ಎಂಬ ಹೆಣ್ಣು.

ಈ ವೆಚ್ಚದ ಮಾತು ನನಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ನಾನಿದ್ದ ಕಾಮಗಾರಿಗೆ ಮೊದಲ ಸಲ ಒಬ್ಬ ಮಹಿಳಾ ಇಂಜಿನಿಯರ್ ಬಂದರು. ಸೈಟಿನಲ್ಲಿ ಅವರಿಗೆ ಶೌಚಾಲಯವಿರಲಿಲ್ಲ. ಬೇಡಿಕೆ ಬಂದಾಗ ಕಡತದ ಮೇಲೆ ‘ಅಂದಾಜುಪಟ್ಟಿಯಲ್ಲಿ ಅವಕಾಶವಿಲ್ಲ’ ಎಂದು ಬರೆಯಲಾಯಿತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಾಲ್ಕು ತಗಡು, ಒಂದು ಗುಂಡಿ, ಎರಡು ದಿನದ ಕೂಲಿ. ಲೆಕ್ಕ ನನಗೆ ಗೊತ್ತಿತ್ತು. ಕೆಲವೇ ತಿಂಗಳಲ್ಲಿ ಆಕೆ ಕಚೇರಿ ಕೆಲಸಕ್ಕೆ ವರ್ಗ ಕೇಳಿ ಹೋದರು. ಹೆಣ್ಣುಮಕ್ಕಳಿಗೆ ಸೈಟಿನ ಕೆಲಸ ಒಗ್ಗುವುದಿಲ್ಲ ಎಂದು ನಾವು ಚಹಾ ಕುಡಿಯುತ್ತ ಮಾತಾಡಿಕೊಂಡೆವು. ಹುಡುಗಿಯರಿಗೆ ಇಂಥ ಆಟಗಳಲ್ಲಿ ಆಸಕ್ತಿಯಿಲ್ಲ ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಚಹಾ ನೆನಪಾಗುತ್ತದೆ.

2018ರಲ್ಲಿ ಅದೇ ಸರಣಿಯ ಒಡಿಸ್ಸಿಯಲ್ಲಿ ಕಸಾಂಡ್ರ ಎಂಬ ಹೆಣ್ಣನ್ನೇ ನಾಯಕಿಯಾಗಿ ಆರಿಸಿಕೊಳ್ಳಲು ಸಾಧ್ಯವಾಯಿತು. ಮನಸ್ಸು ಬಂದಾಗ ಖರ್ಚಿಗೆ ದಾರಿ ಸಿಕ್ಕಿತು.

ಇದು ಹೊರದೇಶದ ಸಂಗತಿ, ನಮಗೇಕೆ ಎನ್ನಬೇಡಿ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಆಟಗಳಿಗೆ ಚಿತ್ರಗಳನ್ನು ಮಾಡಿಕೊಟ್ಟ ಸಂಸ್ಥೆ. ಈ ಕೆಲಸ ಕಲಿಯುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಮಗಳು ಅನಿಮೇಷನ್ ಓದುತ್ತೇನೆಂದರೆ, ಮದುವೆಯ ಲೆಕ್ಕ ಹಾಕಿ ಬೇರೆ ಕೋರ್ಸಿಗೆ ತಳ್ಳುವ ಮೊದಲು ಅವಳು ಬಿಡಿಸಿದ ಚಿತ್ರಗಳನ್ನು ಒಮ್ಮೆ ತರಿಸಿ ನೋಡಿ.