ಹೊಲ ಮಾರಿ ಕೊಳ್ಳುವ ವೈದ್ಯಕೀಯ ಸೀಟು

ಪ್ರತಿವರ್ಷ ಮುಂಗಾರಿನೊಡನೆ ಶ್ರೀಮಠದ ಅಂಗಳದಲ್ಲಿ ಒಂದು ವಿಶೇಷ ಬಗೆಯ ಭಕ್ತಸಮೂಹ ಕಾಣಿಸಿಕೊಳ್ಳುತ್ತದೆ. ಇವರು ಮಳೆ ಬೇಡಲು ಬಂದವರಲ್ಲ, ಮಗಳ ಲಗ್ನದ ಮುಹೂರ್ತ ಕೇಳಲು ಬಂದವರೂ ಅಲ್ಲ. ಕಂಕುಳಲ್ಲಿ ಒಂದು ಚೀಲ, ಚೀಲದಲ್ಲಿ ಮಗನ ನೀಟ್ ಅಂಕಪಟ್ಟಿ, ಬಾಯಲ್ಲಿ ಒಂದೇ ಮಾತು: "ಅಪ್ಪಾವರ, ತಾವೊಂದು ಪತ್ರ ಕೊಟ್ಟರ ಸಾಕ್ರಿ, ಹುಡುಗಗ ಮೆಡಿಕಲ್ ಸೀಟ್ ಆಗಿಬಿಡತೈತಿ." ಪೂಜ್ಯರು ನಸುನಕ್ಕು ಅವರನ್ನು ನನ್ನತ್ತ ಕಳುಹಿಸುತ್ತಾರೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಮೂರು ದಶಕಗಳಿಗೂ ಮೀರಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾದ ನನಗೆ ಈಗ ಒದಗಿರುವ ಸೇವೆಯೆಂದರೆ ಇಂಥ ತಂದೆಗಳೊಡನೆ ವಾದಿಸುವುದು. ಹೀಗೆ ವಾದಿಸಿ ವಾದಿಸಿ ಗಂಟಲು ಬತ್ತಿದುದರಿಂದ ಈ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೆಲವರಿಗೆ ಕಟುವೆನಿಸಬಹುದು, ಅನಿಸಲಿ.

ಮೊದಲಿಗೆ ಈ ಪತ್ರದ ವಿಷಯ. ಈಗ ಈ ದೇಶದಲ್ಲಿ ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ನೀಟ್ ಪರೀಕ್ಷೆಯೊಂದೇ ದ್ವಾರ. ಸರ್ಕಾರಿ ಕಾಲೇಜಿರಲಿ, ಖಾಸಗಿ ಕಾಲೇಜಿರಲಿ, ಡೀಮ್ಡ್ ವಿಶ್ವವಿದ್ಯಾಲಯವಿರಲಿ, ಆಡಳಿತ ಮಂಡಳಿಯ ಕೋಟಾ ಎಂದು ಜನ ಕರೆಯುವ ಸೀಟೇ ಇರಲಿ, ರ್‍ಯಾಂಕ್ ಪಟ್ಟಿ ಹಿಡಿದು ಸಮಾಲೋಚನೆಯ ಮೂಲಕವೇ ಹಂಚಿಕೆಯಾಗಬೇಕು. ನಮ್ಮ ರಾಜ್ಯದ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಡೀಮ್ಡ್ ಸಂಸ್ಥೆಗಳಿಗೆ ಕೇಂದ್ರದ ಸಮಿತಿಯೂ ಆ ಕಾರ್ಯವನ್ನು ನಡೆಸುತ್ತವೆ. ಅಲ್ಲಿ ಜಗದ್ಗುರುಗಳ ಪತ್ರಕ್ಕೂ ಮಂತ್ರಿಗಳ ಪತ್ರಕ್ಕೂ ಕಾನೂನಿನ ದೃಷ್ಟಿಯಲ್ಲಿ ಕಿಂಚಿತ್ ಬೆಲೆಯಿಲ್ಲ. ಹಾಗಿದ್ದೂ "ಇಷ್ಟು ಲಕ್ಷ ಮುಂಗಡ ಕೊಡಿ, ಸೀಟು ನನ್ನ ಜವಾಬ್ದಾರಿ" ಎನ್ನುವ ಮಧ್ಯವರ್ತಿ ನಿಮ್ಮ ಊರಿಗೆ ಕಾರಿನಲ್ಲಿ ಬಂದಿಳಿದರೆ ಅವನು ಮಾರುತ್ತಿರುವುದು ತನ್ನದಲ್ಲದ ಸರಕನ್ನು. ಎಷ್ಟೋ ವೇಳೆ ಅವನು ಮಾಡುವುದಿಷ್ಟೇ: ರ್‍ಯಾಂಕಿನ ಬಲದಿಂದ ಹುಡುಗನಿಗೆ ತಾನಾಗಿಯೇ ಬರಲಿದ್ದ ದುಬಾರಿ ಸೀಟನ್ನು ತಾನು ಕೊಡಿಸಿದೆನೆಂದು ಹೇಳಿ ದಲ್ಲಾಳಿ ಹಣ ಎಣಿಸಿಕೊಳ್ಳುವುದು.

ಇಷ್ಟು ಹೇಳಿದೊಡನೆ ತಂದೆ ಎದೆಯುಬ್ಬಿಸಿ ಹೇಳುತ್ತಾನೆ: "ನಮ್ಮ ಹುಡುಗ ಕ್ವಾಲಿಫೈ ಆಗ್ಯಾನ್ರಿ!" ಈ 'ಕ್ವಾಲಿಫೈ' ಎಂಬ ಶಬ್ದ ನಮ್ಮ ಹಳ್ಳಿಗಳಲ್ಲಿ ಮಾಡಿರುವ ಅನರ್ಥ ಅಷ್ಟಿಷ್ಟಲ್ಲ. ಸಾಮಾನ್ಯ ವರ್ಗದವರ ಅರ್ಹತೆಗೆ ಬೇಕಾದುದು ಐವತ್ತನೆಯ ಪರ್ಸೆಂಟೈಲ್. ಅದು ನೂರಕ್ಕೆ ಐವತ್ತು ಅಂಕವಲ್ಲ. ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮುಂದಿದ್ದಾನೆ ಎಂದಷ್ಟೇ ಅದರ ಅರ್ಥ. 2023ರ ಲೆಕ್ಕ ನೋಡಿರಿ. ಬರೆದವರು 20 ಲಕ್ಷಕ್ಕೂ ಮಿಕ್ಕಿ. ಅರ್ಹರೆನಿಸಿಕೊಂಡವರು 11 ಲಕ್ಷಕ್ಕೂ ಮಿಕ್ಕಿ. ಸಾಮಾನ್ಯ ವರ್ಗಕ್ಕೆ ಗೊತ್ತಾದ ಅರ್ಹತಾ ಅಂಕ 720ಕ್ಕೆ 137. ನೂರಕ್ಕೆ ಹತ್ತೊಂಬತ್ತು! ಆ ವರ್ಷ ಇಡೀ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಅವುಗಳಲ್ಲಿ ಸರ್ಕಾರಿ ಸೀಟುಗಳು ಸುಮಾರು ಅರ್ಧ. ಹನ್ನೊಂದು ಲಕ್ಷ ಜನರನ್ನು ಅರ್ಹರೆಂದು ಸಾರಿ ಒಂದು ಲಕ್ಷ ಸೀಟಿನ ಮುಂದೆ ನಿಲ್ಲಿಸಿದರೆ ಏನಾಗುತ್ತದೆ? ಸರ್ಕಾರಿ ಸೀಟುಗಳು ಮುಗಿಯುವ ತನಕ ಅಂಕ ಆರಿಸುತ್ತದೆ, ಆಮೇಲೆ ಹಣ ಆರಿಸುತ್ತದೆ. ಐದುನೂರು ಅಂಕ ಪಡೆದ ಬಡವನ ಮಗ ಹಿಂದೆ ಸರಿಯುತ್ತಾನೆ, ಇನ್ನೂರು ಪಡೆದ ಧನಿಕನ ಮಗ ಒಳಗೆ ಹೋಗುತ್ತಾನೆ. ಇಷ್ಟೊಂದು ಕೆಳಗೆ ಅರ್ಹತೆಯ ಗೆರೆ ಎಳೆದುದರಿಂದ ದುಬಾರಿ ಸೀಟುಗಳು ಖಾಲಿ ಉಳಿಯುವುದಿಲ್ಲ. ಆ ಗೆರೆಯಿಂದ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕೇ?

ಹಿಂದೆ ಇದಕ್ಕಿಂತ ಚೆನ್ನಾಗಿತ್ತೆಂದು ನಾನು ಹೇಳಲಾರೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾದಾಗ ಸರ್ಕಾರದ ಬಳಿ ಕಾಲೇಜು ಕಟ್ಟಲು ಹಣವಿರಲಿಲ್ಲ, ದೇಶಕ್ಕೆ ವೈದ್ಯರು ಬೇಕಾಗಿದ್ದರು. ಆ ಮಾರ್ಗದಲ್ಲಿ ಬಂದ ಕ್ಯಾಪಿಟೇಷನ್ ಎಂಬ ಪದ್ಧತಿ ಮುಂದೆ ಸಂತೆಯಾಗಿ ಬೆಳೆದು, ಅದನ್ನು ನಿಷೇಧಿಸಲು 1984ರಲ್ಲಿ ನಮ್ಮ ರಾಜ್ಯವೇ ಕಾಯಿದೆ ಮಾಡಬೇಕಾಯಿತು. 1992ರಲ್ಲಿ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಇಂಥ ವಸೂಲಿ ಸಂವಿಧಾನಬಾಹಿರವೆಂದು ಸಾರಿತು. ಕಾಯಿದೆ ಬಂತು, ತೀರ್ಪು ಬಂತು. ಕ್ಯಾಪಿಟೇಷನ್ ಎಂಬ ಹೆಸರು ಹೋಯಿತು. ಈಗ ಅದಕ್ಕೆ ರಸೀದಿ ಸಿಗುತ್ತದೆ, ಶುಲ್ಕವೆಂದು ಹೆಸರಾಗಿದೆ.

ಆ ಶುಲ್ಕವಾದರೂ ಎಷ್ಟು? ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ರೂಪಾಯಿ. ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾದ ಸೀಟಿಗೆ ಸುಮಾರು ಒಂದೂವರೆ ಲಕ್ಷ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷದ ಮೇಲೆ. ಡೀಮ್ಡ್ ಸಂಸ್ಥೆಗಳಲ್ಲಿ ಇಪ್ಪತ್ತು ಲಕ್ಷದ ಆಸುಪಾಸು. ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬರೇ ಗುರುಗಳಿಂದ, ಒಂದೇ ಶವದ ಮೇಲೆ ಅಂಗರಚನೆ ಕಲಿಯುವ ಇಬ್ಬರು ಹುಡುಗರ ನಡುವೆ ಇಷ್ಟು ಅಂತರ! ಅರವತ್ತು ಲಕ್ಷ ಸಾಲ ಮಾಡಿದರೆ ನೂರಕ್ಕೆ ಹತ್ತರಂತೆ ಬಡ್ಡಿಯೇ ತಿಂಗಳಿಗೆ 50 ಸಾವಿರ. ಬರಿಯ ಎಂ.ಬಿ.ಬಿ.ಎಸ್. ಮುಗಿಸಿದ ತರುಣ ವೈದ್ಯನ ಮೊದಲ ಸಂಬಳದ ಬಹುಭಾಗ ಆ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೆಯೇ ಕುಳಿತಿರುತ್ತದೆ. ಮೇಲೆ ಎಂ.ಡಿ., ಎಂ.ಎಸ್. ಆಗದೆ ಇಂದು ಪೇಟೆಯಲ್ಲಿ ಮರ್ಯಾದೆಯಿಲ್ಲ. ಅದಕ್ಕೆ ಮತ್ತೊಂದು ಹೊಲ. ಅವನು ಈ ಹಣವನ್ನು ಎಲ್ಲಿಂದ ಎತ್ತಬೇಕು? ಬೇಕಿಲ್ಲದ ರಕ್ತಪರೀಕ್ಷೆಯಿಂದ, ಬೇಕಿಲ್ಲದ ಸ್ಕ್ಯಾನಿನಿಂದ, ಸಹಜವಾಗಿ ಆಗಬಹುದಾಗಿದ್ದ ಹೆರಿಗೆಯನ್ನು ಕೊಯ್ಯುವುದರಿಂದ. ಆಮೇಲೆ ನಾವೇ ಅಗಸೆಕಟ್ಟೆಯ ಮೇಲೆ ಕುಳಿತು ಡಾಕ್ಟರುಗಳು ಸುಲಿಯುತ್ತಾರೆಂದು ಗೊಣಗುತ್ತೇವೆ. ಸುಲಿಗೆಯ ಮೊದಲ ಕಂತು ಕಟ್ಟಿದವರು ಯಾರು?

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕಾಗಿದೆ. 2023ರಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಭಕ್ತರೊಬ್ಬರು ಬಂದರು. ಎಂಟೆಕರೆ ನೀರಾವರಿ. ಮಗನಿಗೆ 171 ಅಂಕ. ಐದೆಕರೆ ಮಾರಲು ಗಿರಾಕಿ ಗೊತ್ತಾಗಿದ್ದಾನೆ, ಪತ್ರವೊಂದು ಬೇಕು. ನಾನು ಲೆಕ್ಕ ಬಿಡಿಸಿ ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ. ಮಾತಿನ ನಡುವೆ, "ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ?" ಎಂದೆ. "ಒಬ್ಬಾಕಿ ಹುಡುಗಿ ಅದಾಳ್ರಿ. ಆಕೀನೂ ಬರದಾಳ, ಎರಡನೆ ಸಲ." ಅಂಕವೆಷ್ಟೆಂದು ಕೇಳಿದರೆ ತಂದೆಗೆ ನೆನಪಿಲ್ಲ! ಫೋನ್ ಮಾಡಿಸಿ ಕೇಳಿದೆವು. ಆಕೆಯದು ಮಗನ ಅಂಕದ ಮೂರು ಪಟ್ಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿಯೇ ಕಲಿತವಳು. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮದವರಿಗೆ ನೂರಕ್ಕೆ ಐದು ಮೀಸಲು ಇರುವುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. "ಆಕೀಗೆ ಯಾಕ್ರಿ, ಬಿ.ಎಸ್ಸಿ. ಹಚ್ಚಿ ಮುಂದಿನ ವರ್ಷ ಲಗ್ನ ಮಾಡಿಬಿಡತೀವಿ" ಎಂದರು ಆ ಭಕ್ತರು, ಯಾವ ಕೇಡೂ ಅರಿಯದ ಮುಖದಿಂದ.

ಸ್ತ್ರೀಪುರುಷ ಸಮಾನತೆಯ ಮೇಲೆ ವರ್ಷವರ್ಷವೂ ನಮ್ಮ ವೇದಿಕೆಗಳಿಂದ ಉಪನ್ಯಾಸ ಕೇಳಿ ಚಪ್ಪಾಳೆ ತಟ್ಟುವ ಸಮಾಜ ಇದು. ಹಣ ಕೊಡದೆ ಬರಲಿದ್ದ ಸೀಟು ಮಗಳಿಗೆಂಬ ಕಾರಣಕ್ಕೆ ಬೇಡವಾಯಿತು. ಐದೆಕರೆ ನುಂಗುವ ಸೀಟು ಮಗನಿಗೆಂಬ ಕಾರಣಕ್ಕೆ ಬೇಕಾಯಿತು. ನಾನು ಅಂದು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. ಪೂಜ್ಯರು ಒಳಗಿನಿಂದ ಎದ್ದು ಬಂದು, "ಮೊದಲು ಹುಡುಗಿಯ ಶಾಲಾ ಸರ್ಟಿಫಿಕೇಟ್ ಮಾಡಿಸ್ರಿ, ಪತ್ರದ ಮಾತು ಆಮೇಲೆ" ಎಂದು ಒಂದೇ ಮಾತು ಹೇಳಿದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಸಿಗುವಾಗ ಗಡುವಿಗೆ ಎರಡು ದಿನ ಉಳಿದಿತ್ತು. ಆ ಹುಡುಗಿ ಈಗ ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹೊಲ ಉಳಿಯಿತೇ ಎಂದು ಕೇಳಬೇಡಿರಿ. ಎರಡೆಕರೆ ಹೋಯಿತು, ಮಗ ಬೇರೇನೋ ಕೋರ್ಸಿಗೆ ಬೆಂಗಳೂರು ಸೇರಿದ.

ಇನ್ನು, ರ್‍ಯಾಂಕ್ ಬಂದವರ ಮನೆಯ ಮೋಹ ಇನ್ನೊಂದು ಬಗೆಯದು. ಗದಗ, ಕೊಪ್ಪಳ, ಬೀದರ, ರಾಯಚೂರು, ಕಾರವಾರ, ಚಾಮರಾಜನಗರ, ಯಾದಗಿರಿ, ಹಾವೇರಿ ಎಂದೊಡನೆ ಮೂಗು ಮುರಿಯುತ್ತಾರೆ. "ಅಲ್ಲಿ ಕಟ್ಟಡ ಹೊಸದು, ಹೆಸರಿಲ್ಲ, ಬೆಂಗಳೂರಿನ ಖಾಸಗಿ ಕಾಲೇಜಾದರೂ ಆದೀತು" ಎಂಬ ಮಾತು. ಹೆಸರು ರೋಗಿಯ ನಾಡಿ ಹಿಡಿಯುವುದನ್ನು ಕಲಿಸುವುದಿಲ್ಲ. ವೈದ್ಯವಿದ್ಯೆಯನ್ನು ಕಲಿಸುವವರು ಇಬ್ಬರು: ಒಬ್ಬರು ಅಧ್ಯಾಪಕರು, ಇನ್ನೊಬ್ಬರು ರೋಗಿ. ಜಿಲ್ಲಾ ಆಸ್ಪತ್ರೆಗೆ ಮುಂಗಾರಿನಲ್ಲಿ ಹಾವು ಕಡಿದವರು ಬರುತ್ತಾರೆ. ಕ್ರಿಮಿನಾಶಕ ಕುಡಿದ ರೈತ ಬರುತ್ತಾನೆ. ರಕ್ತಹೀನತೆಯಿಂದ ಬಿಳಿಚಿದ ಗರ್ಭಿಣಿ ಬರುತ್ತಾಳೆ. ಕ್ಷಯ, ಸುಟ್ಟಗಾಯ, ಹೆದ್ದಾರಿಯ ಅಪಘಾತ, ಎಲ್ಲವೂ ಅಲ್ಲಿಗೇ. ಇಂಟರ್ನ್‌ಶಿಪ್ಪಿನಲ್ಲಿ ಒಂದು ರಾತ್ರಿ ಆ ತುರ್ತು ವಿಭಾಗದಲ್ಲಿ ನಿಂತವನು ಕಲಿಯುವುದನ್ನು ಅಮೃತಶಿಲೆ ಹಾಸಿದ ಖಾಲಿ ವಾರ್ಡಿನಲ್ಲಿ ಒಂದು ತಿಂಗಳು ನಿಂತವನು ಕಲಿಯಲಾರ. ಅಂಥ ಕಡೆ ಅಧ್ಯಾಪಕರ ಹುದ್ದೆಗಳು ಖಾಲಿ ಇರುವುದುಂಟು, ಹಾಸ್ಟೆಲ್ ಅನನುಕೂಲದ್ದಾಗಿರುವುದುಂಟು; ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹುದ್ದೆ ಖಾಲಿಯಿದ್ದರೆ ಸರ್ಕಾರವನ್ನು ಕೇಳಬಹುದು. ರೋಗಿಯೇ ಇಲ್ಲದ ಕಡೆ ಯಾರನ್ನು ಕೇಳುವುದು?

ಖಾಲಿ ವಾರ್ಡು ಎಂದುದು ಉತ್ಪ್ರೇಕ್ಷೆಯಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳಂತೆ 150 ವಿದ್ಯಾರ್ಥಿಗಳ ಕಾಲೇಜಿಗೆ 605 ಹಾಸಿಗೆಗಳು ಬೇಕು, ಅವುಗಳಲ್ಲಿ ನೂರಕ್ಕೆ ಎಂಬತ್ತು ತುಂಬಿರಬೇಕು. ತಪಾಸಣೆಯ ದಿನಕ್ಕೆಂದು ಬಾಡಿಗೆ ಅಧ್ಯಾಪಕರನ್ನೂ ಸುಳ್ಳು ರೋಗಿಗಳನ್ನೂ ತೋರಿಸಿದರೆಂಬ ಆರೋಪದ ಮೇಲೆ 2025ರಲ್ಲಿ ಕೇಂದ್ರೀಯ ತನಿಖಾ ದಳ ಪ್ರಕರಣ ಹೂಡಿದುದು ಪತ್ರಿಕೆಗಳಲ್ಲಿ ಬಂದ ಸುದ್ದಿ. ಆದುದರಿಂದ ಬಣ್ಣದ ಕರಪತ್ರವನ್ನು ನೋಡಿ ಕಾಲೇಜು ಆರಿಸಬೇಡಿರಿ. ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ತಿಳಿಸದೆ, ಆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೋಗಿ ನಿಲ್ಲಿರಿ. ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ ನೋಡಿರಿ. ಮೂರನೆಯ ವರ್ಷದ ಹುಡುಗನನ್ನು ಚಹಾ ಅಂಗಡಿಗೆ ಕರೆದೊಯ್ದು, ವಾರಕ್ಕೆ ಎಷ್ಟು ಹೆರಿಗೆ ಆಗುತ್ತವೆ, ಇಂಟರ್ನ್‌ಗಳಿಗೆ ಸ್ಟೈಪೆಂಡ್ ನಿಜವಾಗಿಯೂ ಕೈಸೇರುತ್ತದೆಯೇ, ಪ್ರವೇಶದ ವೇಳೆ ಹೇಳದಿದ್ದ ಯಾವ ಯಾವ ಹಣ ಆಮೇಲೆ ಕೇಳಿದರು ಎಂದು ವಿಚಾರಿಸಿರಿ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನೀವು ಮಗನ ಕಾಲೇಜನ್ನು ಕರಪತ್ರದಲ್ಲಿ ನೋಡಿ ಒಪ್ಪುವುದುಂಟೇ?

ಕಲ್ಯಾಣ ಕರ್ನಾಟಕದ ಭಕ್ತರಿಗೆ ವಿಶೇಷವಾಗಿ ಒಂದು ಮಾತು. 371-ಜೆ ವಿಧಿಯಡಿ 2013ರಲ್ಲಿ ಬಂದ ಆದೇಶದಂತೆ ಆ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ಆ ಭಾಗದವರಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಫಲಿತಾಂಶ ಬಂದ ಮೇಲೆ ಓಡಾಡಿ ತರುವಂಥದಲ್ಲ, ಪಿ.ಯು. ಓದುತ್ತಿರುವಾಗಲೇ ಮಾಡಿಸಿಡುವಂಥದು.

ಆಪ್ಷನ್ ಎಂಟ್ರಿಯಲ್ಲಿ ಆಗುವ ತಪ್ಪುಗಳನ್ನು ಹೇಳಲು ಇನ್ನೊಂದು ಲೇಖನವೇ ಬೇಕು. ಮುಖ್ಯವಾದುದು ಇದು: ಮೇಲಿನ ಕಾಲೇಜನ್ನು ಮೊದಲು ಬರೆದರೆ ಕೆಳಗಿನದು ಕೈತಪ್ಪುತ್ತದೆಂಬ ಭ್ರಮೆ ಬೇಡ. ರ್‍ಯಾಂಕಿಗೆ ದೊರೆಯುವವುಗಳಲ್ಲಿ ನೀವು ಎಲ್ಲಕ್ಕಿಂತ ಮೇಲೆ ಬರೆದುದನ್ನೇ ಯಂತ್ರ ಕೊಡುತ್ತದೆ. ಆದರೆ ಶುಲ್ಕದ ಸಂಕೇತ ನೋಡದೆ ಸೈಬರ್ ಅಂಗಡಿಯ ಹುಡುಗ ತುಂಬಿದ ಪಟ್ಟಿಯಲ್ಲಿ ಖಾಸಗಿ ಸೀಟೊಂದು ನುಸುಳಿದ್ದರೆ, ಅದೇ ಹಂಚಿಕೆಯಾಗಿ ತಂದೆ ತಲೆಯ ಮೇಲೆ ಕೈಹೊತ್ತು ಕೂರಬೇಕಾಗುತ್ತದೆ. ನಿಮ್ಮಿಂದ ಕಟ್ಟಲಾಗದ ಸೀಟನ್ನು ಪಟ್ಟಿಯಲ್ಲಿ ಬರೆಯಲೇಬೇಡಿರಿ.

ಕಡೆಗೆ ನಮ್ಮವರನ್ನೇ ಕೇಳಬೇಕಾದ ಒಂದು ಪ್ರಶ್ನೆ ಉಳಿದಿದೆ. ಬೆಳಗಾವಿಯಲ್ಲಿ, ಕಲಬುರ್ಗಿಯಲ್ಲಿ 1963ರಲ್ಲಿ, ಅದರ ಹಿಂದೆಯೇ ದಾವಣಗೆರೆಯಲ್ಲಿ, ನಮ್ಮ ಸಮಾಜದ ಹಿರಿಯರು ಮುಂದೆ ನಿಂತು ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದರು. ಈ ನಾಡಿನ ವಿದ್ಯಾಸಂಸ್ಥೆಗಳು ಎದ್ದು ನಿಂತದ್ದು ಜೋಳಿಗೆಯ ಕಾಳಿನಿಂದ, ವ್ಯಾಪಾರಿಗಳ ಧರ್ಮಾದಾಯದಿಂದ, ಗುರುಗಳ ಪಾದಯಾತ್ರೆಯಿಂದ. ಕಾಳು ಕೊಟ್ಟವರ ಮೊಮ್ಮಕ್ಕಳು ಇಂದು ಅಂಥ ಸಂಸ್ಥೆಗಳ ಬಾಗಿಲಲ್ಲಿ ಶುಲ್ಕದ ಫಲಕ ಓದಿ ಹಿಂತಿರುಗುತ್ತಿದ್ದಾರೆ. ಆಸ್ಪತ್ರೆ ನಡೆಸುವ ವೆಚ್ಚ ಬಲ್ಲೆ. ಪುಕ್ಕಟೆ ನಡೆಸಿರೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ದಾನದಿಂದ ಬೆಳೆದ ಪ್ರತಿಯೊಂದು ಸಂಸ್ಥೆಯೂ ಪ್ರಸಾದನಿಲಯಗಳಲ್ಲಿ ಬೆಳೆದ, ರ್‍ಯಾಂಕಿನ ಬಲದಿಂದಲೇ ಒಳಬಂದ ಮಕ್ಕಳಲ್ಲಿ ವರ್ಷಕ್ಕೆ ಐವರ ಶುಲ್ಕವನ್ನು ತಾನೇ ಹೊತ್ತು, ಅದರ ಲೆಕ್ಕವನ್ನು ಇಂಥ ಮಾಸಪತ್ರಿಕೆಗಳಲ್ಲಿ ಪ್ರಕಟಿಸಲಿ. ಎಷ್ಟು ಸಂಸ್ಥೆಗಳು ಒಪ್ಪುತ್ತವೆ, ನೋಡೋಣ.

ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಶಿಕ್ಷಕರಾದವರು ಅನೇಕರಿದ್ದೀರಿ. ಸಮಾಲೋಚನೆಯ ದಿನಾಂಕಗಳು ಪ್ರಕಟವಾದ ಕೂಡಲೇ ಎರಡು ದಿನ ಬಿಡುವು ಮಾಡಿಕೊಂಡು ಶ್ರೀಮಠಕ್ಕೆ ಬನ್ನಿರಿ. ಮಕ್ಕಳ ಪಟ್ಟಿಗಳನ್ನು ಕುಳಿತು ನೋಡಿಕೊಡಬೇಕಾಗಿದೆ, ನನ್ನೊಬ್ಬನಿಂದ ಆಗುತ್ತಿಲ್ಲ. ಪತ್ರ ಕೇಳಲು ಹೊರಟ ತಂದೆತಾಯಿಗಳು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಮೇಲುರುಜು ಸಹಿತ ತರತಕ್ಕದ್ದು. ಹೆಣ್ಣುಮಕ್ಕಳ ಅಂಕಪಟ್ಟಿಗಳನ್ನೂ ತರತಕ್ಕದ್ದು.