ಜೌಗುನೆಲದ ನಿಧಿ

ಬಚ್ಚಿಟ್ಟುದನ್ನು ಹುಡುಕುವ ಆಟವು ಮಕ್ಕಳಿಗೇ ಮೀಸಲೆಂದು ನಮ್ಮ ವಾಚಕರು ಎಣಿಸಬಾರದು. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಡಾರ್ಟ್‌ಮೂರ್ ಎಂಬ ನಿರ್ಜನವಾದ ಎತ್ತರದ ಬಯಲುಂಟು. ಅದರ ಉತ್ತರಭಾಗದಲ್ಲಿ ಕ್ರಾನ್‌ಮಿಯರ್ ಕೊಳವಿರುವುದು. ಹೆಸರಿಗೆ ಕೊಳ, ನೋಡಹೋದರೆ ಕೆಸರಿನ ತಗ್ಗು. ೧೮೫೪ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಅಲ್ಲೊಂದು ಸೀಸೆಯನ್ನಿಟ್ಟನು. ಅಷ್ಟು ದೂರ ಕೆಸರು ತುಳಿದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ, ಧನ್ಯರಾದಂತೆ ಹಿಂದಿರುಗುತ್ತಿದ್ದರು.

ಈ ವಿನೋದದ ತಮ್ಮನೇ ಈಗಿನ ಜಿಯೋಕ್ಯಾಶಿಂಗ್. ಉಪಗ್ರಹಗಳ ಸಂಕೇತದಲ್ಲಿ ತಾನು ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕಾ ಸರ್ಕಾರವು ೨೦೦೦ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದರ ಬೆನ್ನಿಗೇ, ೩ನೆಯ ತಾರೀಖು, ಆರೆಗಾನಿನ ಡೇವ್ ಉಲ್ಮರ್ ಎಂಬವರು ಕಾಡಿನಲ್ಲೊಂದು ಬಕೆಟ್ಟನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ನಿಧಿಯೊಳಗೆ ಪುಸ್ತಕಗಳೊಡನೆ ಕಾಳಿನ ಡಬ್ಬಿಯೂ ಇತ್ತಂತೆ!

ಕಾಡು ಇದನ್ನು ತಾಳೀತು, ಜೌಗುನೆಲ ತಾಳದು. ಅಲ್ಲಿ ಪಾಚಿಯು ಪೂರ್ತಿ ಕೊಳೆಯದೆ ಪದರಗಟ್ಟಿ ಪೀಟ್ ಎಂಬ ಕರಿಮಣ್ಣಾಗುವುದು. ವರ್ಷಕ್ಕೆ ಅದರ ಬೆಳವಣಿಗೆ ಸುಮಾರು ಒಂದು ಮಿಲಿಮೀಟರು. ಅಂಗುಲಕ್ಕೆ ಇಪ್ಪತ್ತೈದು ವರ್ಷ. ಒಂದೇ ಡಬ್ಬಿಯನ್ನರಸಿ ನೂರಾರು ಪಾದಗಳು ಒಂದೇ ಜಾಡು ಹಿಡಿದರೆ ಪಾಚಿ ಹರಿದು, ನೀರು ಹರಿದುಹೋಗಿ, ನೆಲವು ಬತ್ತುವುದು. ನೆಲದಲ್ಲೇ ಗೂಡುಕಟ್ಟುವ ಹಕ್ಕಿಗಳ ಗತಿಯೇನು?

೨೦೦೪ರಿಂದ ಅರ್ತ್‌ಕ್ಯಾಶ್ ಎಂಬ ಬಗೆಯೂ ನಡೆದುಬಂದಿದೆ. ಅದರಲ್ಲಿ ಪೆಟ್ಟಿಗೆಯೇ ಇಲ್ಲ. ಸ್ಥಳಕ್ಕೆ ಹೋಗಿ, ಕಲ್ಲುಮಣ್ಣುಗಳನ್ನು ಪರೀಕ್ಷಿಸಿ, ಪ್ರಶ್ನೆಗಳಿಗೆ ಉತ್ತರ ಕಳುಹಿದರಾಯಿತು. ಕಟ್ಟಿದ ಹಾದಿಯಿಂದ ಕೆಳಗಿಳಿಯದೆಯೂ ಇದನ್ನು ಆಡಬಹುದು. ಜೌಗಿಗೆ ಇದೇ ತಕ್ಕುದೆಂದು ನಮಗೆ ತೋರುತ್ತದೆ. ಡಬ್ಬಿಯಿಲ್ಲದ ನಿಧಿಗೆ ಮಕ್ಕಳನ್ನು ಒಪ್ಪಿಸುವ ಭಾರ ಮಾತ್ರ ತಾಯ್ತಂದೆಗಳದು.