ಒಂದು ಊರು, ಮೂರು ಆದೇಶ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಆಡಳಿತ ಹೊರಡಿಸುವ ಸ್ಥಳೀಯ ನಿರ್ಬಂಧಗಳನ್ನು ಜನ ಸಾಮಾನ್ಯವಾಗಿ ಬಿಗಿ, ಸಡಿಲ ಎಂಬ ಎರಡೇ ಮಾತಿನಲ್ಲಿ ಅಳೆಯುತ್ತಾರೆ. ಆದರೆ ಆ ನಿರ್ಬಂಧ ಯಾವ ನೆಲಕ್ಕೆ, ಯಾವ ಗೆರೆಯವರೆಗೆ ಅನ್ವಯಿಸಿತು ಎಂಬ ಪ್ರಶ್ನೆ ಅದಕ್ಕಿಂತ ಮೊದಲಿನದು, ಮತ್ತು ಕೋವಿಡ್ ಹಬ್ಬಿದ ವರ್ಷಗಳಲ್ಲಿ ದೆಹಲಿ ಹಾಗೂ ಅದರ ಸುತ್ತಲಿನ ಊರುಗಳು ಈ ಪ್ರಶ್ನೆಯನ್ನು ಎದುರಿಸಿದಷ್ಟು ನೇರವಾಗಿ ದೇಶದ ಹೆಚ್ಚಿನ ನಗರಗಳು ಎದುರಿಸಲಿಲ್ಲ. ರಾಷ್ಟ್ರ ರಾಜಧಾನಿ ಪ್ರದೇಶವೆಂಬುದು 1985ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಕೆಳಗೆ ಗುರುತಿಸಿದ ನೆಲ. ಇಡೀ ದೆಹಲಿಯ ಜೊತೆಗೆ ಹರಿಯಾಣ, ಉತ್ತರ ಪ್ರದೇಶ ಮತ್ತು ರಾಜಸ್ಥಾನಗಳ ಹಲವು ಜಿಲ್ಲೆಗಳು ಅದರಲ್ಲಿ ಸೇರಿದ್ದು, ಒಟ್ಟು ವಿಸ್ತೀರ್ಣ 55,000 ಚದರ ಕಿಲೋಮೀಟರಿಗೂ ಹೆಚ್ಚು. ನೋಯ್ಡಾದಲ್ಲಿ ಮನೆ ಮಾಡಿ ದೆಹಲಿಯ ಆಸ್ಪತ್ರೆಯಲ್ಲಿ ದಾದಿಯಾಗಿರುವವರು, ದೆಹಲಿಯ ಕಾಪಸ್‌ಹೇಡಾದ ಬಾಡಿಗೆ ಕೋಣೆಯಿಂದ ಗುರುಗ್ರಾಮದ ಕಾರ್ಖಾನೆಗೆ ನಡೆದುಹೋಗುವವರು, ಸೋನಿಪತ್ತಿನಿಂದ ಆಜಾದ್‌ಪುರದ ತರಕಾರಿ ಮಂಡಿಗೆ ಬಂದುಹೋಗುವವರು, ಇವರೆಲ್ಲರಿಗೂ ರಾಜ್ಯದ ಗಡಿ ಎಂಬುದು ದಿನನಿತ್ಯದ ಓಡಾಟದ ನಡುವೆ ಎಲ್ಲೋ ದಾಟಿಹೋಗುವ, ಕಣ್ಣಿಗೆ ಬೀಳದ ಸಂಗತಿಯಾಗಿತ್ತು.

ಆ ಗೆರೆ 2020ರ ಏಪ್ರಿಲ್‌ನಲ್ಲಿ ಬ್ಯಾರಿಕೇಡಿನ ರೂಪದಲ್ಲಿ ಎದ್ದು ನಿಂತಿತು. ನೋಯ್ಡಾವನ್ನು ಒಳಗೊಂಡ ಗೌತಮ ಬುದ್ಧ ನಗರ ಜಿಲ್ಲೆ ಏಪ್ರಿಲ್ 21ರಂದು ದೆಹಲಿಯೊಂದಿಗಿನ ತನ್ನ ಗಡಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ನೆರೆಯ ಗಾಜಿಯಾಬಾದ್ ಜಿಲ್ಲೆಯೂ ಅದೇ ದಿನಗಳಲ್ಲಿ ಅದೇ ಹಾದಿ ಹಿಡಿಯಿತು. ಹರಿಯಾಣದ ಸೋನಿಪತ್, ಝಜ್ಜರ್, ಫರೀದಾಬಾದ್, ಗುರುಗ್ರಾಮ ಜಿಲ್ಲೆಗಳು ಅವುಗಳ ಹಿಂದೆಯೇ ಬಂದವು. ದೆಹಲಿಯಲ್ಲಿ ದುಡಿದು ಸಂಜೆ ಮನೆಗೆ ಮರಳುವವರು ರೋಗವನ್ನು ಹೊತ್ತು ತರುತ್ತಿದ್ದಾರೆ, ಆದ್ದರಿಂದ ದೆಹಲಿ ಸರ್ಕಾರ ತನ್ನ ನೌಕರರನ್ನು ತನ್ನಲ್ಲೇ ಇರಿಸಿಕೊಳ್ಳಲಿ ಎಂದು ಹರಿಯಾಣದ ಅಂದಿನ ಗೃಹ ಸಚಿವ ಅನಿಲ್ ವಿಜ್ ಬಹಿರಂಗವಾಗಿಯೇ ಹೇಳಿದರು. ಜೂನ್ 1ರಂದು ದೆಹಲಿ ಸರ್ಕಾರವೂ ಒಂದು ವಾರದ ಮಟ್ಟಿಗೆ ತನ್ನ ಗಡಿಗಳನ್ನು ಮುಚ್ಚಿತು. ಅದು ಮುಂದಿಟ್ಟ ಕಾರಣ, ಗಡಿ ತೆರೆದರೆ ಹೊರಗಿನ ರೋಗಿಗಳು ದೆಹಲಿಯ ಹಾಸಿಗೆಗಳನ್ನು ತುಂಬಿಬಿಡುತ್ತಾರೆ ಎಂಬುದು. ಹೀಗೆ ಒಂದೇ ಗೆರೆಯ ಎರಡು ಬದಿಯಲ್ಲಿ ನಿಂತವರು ಒಬ್ಬರನ್ನೊಬ್ಬರು ರೋಗದ ಮೂಲವೆಂದೂ ಆಸ್ಪತ್ರೆಗೆ ಹೊರೆಯೆಂದೂ ಕರೆದುಕೊಂಡರು.

ಈ ಆದೇಶಗಳನ್ನು ಅಧಿಕಾರಿಗಳ ದರ್ಪವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಗೌತಮ ಬುದ್ಧ ನಗರದ ಆಗಿನ ಜಿಲ್ಲಾಧಿಕಾರಿ ಹಾಸನದಲ್ಲಿ ಹುಟ್ಟಿದ ಕನ್ನಡಿಗ ಸುಹಾಸ್ ಯತಿರಾಜ್. ಮುಂದೆ 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸಿನ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಪದಕ ಗೆದ್ದು ಕರ್ನಾಟಕದ ಮನೆಮನೆಗೂ ಪರಿಚಿತರಾದವರು. 2020ರ ಮಾರ್ಚ್ ಕೊನೆಯಲ್ಲಿ ಅವರು ಆ ಹುದ್ದೆಗೆ ಬಂದಾಗ ಕೈಯಲ್ಲಿದ್ದ ಕಾನೂನು 2005ರ ವಿಪತ್ತು ನಿರ್ವಹಣಾ ಕಾಯ್ದೆ, ಮತ್ತು ಅದರ 34ನೆಯ ಕಲಮು ಜಿಲ್ಲಾ ಪ್ರಾಧಿಕಾರಕ್ಕೆ, ಎಂದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ, ಬಾಧಿತ ಪ್ರದೇಶದೊಳಗೆ ವಾಹನಗಳ ಹಾಗೂ ಜನರ ಪ್ರವೇಶವನ್ನು ತಡೆಯುವ ಅಧಿಕಾರವನ್ನು ಕೊಡುತ್ತದೆ. ದೆಹಲಿಯ ಮಾರುಕಟ್ಟೆಯಲ್ಲಿ ಏನು ನಡೆಯಬೇಕು, ಅಲ್ಲಿನ ಆಸ್ಪತ್ರೆಯ ಸಿಬ್ಬಂದಿಗೆ ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಅದೇ ಕಾನೂನಿನಲ್ಲಿ ನೋಯ್ಡಾದ ಜಿಲ್ಲಾಧಿಕಾರಿಗೆ ಇಲ್ಲ. ಅಧಿಕಾರ ಜಿಲ್ಲೆಯ ಎಲ್ಲೆಯಲ್ಲಿ ಮುಗಿಯುವಾಗ, ಆ ಅಧಿಕಾರ ಹೊತ್ತವನಿಗೆ ಎಲ್ಲೆಯಲ್ಲೇ ಬಾಗಿಲು ಹಾಕುವುದು ಕರ್ತವ್ಯದಂತೆ ಕಾಣುವುದು ಸಹಜ. ಮೇ ಕೊನೆಯಲ್ಲಿ ಗಡಿಯನ್ನು ಮುಚ್ಚಿಯೇ ಇಡುವ ತೀರ್ಮಾನಕ್ಕೆ ಜಿಲ್ಲಾಡಳಿತ ಕೊಟ್ಟ ಕಾರಣ, ಹಿಂದಿನ 20 ದಿನಗಳ ಪ್ರಕರಣಗಳಲ್ಲಿ ಶೇ. 42ರಷ್ಟರ ಮೂಲ ದೆಹಲಿಯಲ್ಲಿ ಪತ್ತೆಯಾಗಿದೆ ಎಂಬುದು. ಈ ಅಂಕಿ ಅಲಕ್ಷಿಸುವಂಥದ್ದಲ್ಲ. ಆದರೆ ಒಂದು ತಿಂಗಳಿಗೂ ಹೆಚ್ಚು ಕಾಲ ಗಡಿ ಮುಚ್ಚಿದ್ದ ಮೇಲೂ ಅಷ್ಟು ಪ್ರಕರಣಗಳು ದೆಹಲಿಯಿಂದಲೇ ಬಂದಿದ್ದವೆಂದರೆ ಮುಚ್ಚುಗಡೆ ಎಷ್ಟನ್ನು ತಡೆದಿತ್ತು ಎಂಬ ಸಂದೇಹಕ್ಕೂ, ಉಳಿದ ಶೇ. 58 ಎಲ್ಲಿಂದ ಬಂತು ಎಂಬ ವಿಚಾರಣೆಗೂ ಅದೇ ಅಂಕಿ ದಾರಿ ಮಾಡಿಕೊಡುತ್ತದೆ.

ದೆಹಲಿಯಲ್ಲಿ ಆ ವರ್ಷ ಜೂನ್ 27ರಿಂದ ಜುಲೈ 10ರವರೆಗೆ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ನಡೆಸಿದ ರಕ್ತಪರೀಕ್ಷೆಯ ಸಮೀಕ್ಷೆ ಈ ವಿಚಾರಕ್ಕೆ ಇನ್ನಷ್ಟು ಬೆಳಕು ಕೊಡುತ್ತದೆ. ಸೋಂಕು ತಗಲಿ ಹೋದವರ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳನ್ನು ಹುಡುಕುವ ಇಂಥ ಸಮೀಕ್ಷೆಯಲ್ಲಿ, ಪರೀಕ್ಷಿಸಿದ 21,387 ಮಾದರಿಗಳ ಆಧಾರದ ಮೇಲೆ ದೆಹಲಿಯ ಜನರಲ್ಲಿ ಶೇ. 23.48ರಷ್ಟು ಮಂದಿಗೆ ಆಗಲೇ ಸೋಂಕು ಬಂದುಹೋಗಿದೆ ಎಂದು ಅಂದಾಜಿಸಲಾಯಿತು. ಅವರಲ್ಲಿ ಬಹುಪಾಲು ಜನರಿಗೆ ತಮಗೆ ರೋಗ ಬಂದದ್ದೇ ಗೊತ್ತಿರಲಿಲ್ಲ. ಲಕ್ಷಣವಿಲ್ಲದವರಿಂದಲೂ ಹರಡುವ ರೋಗವನ್ನು ಚಿಲ್ಲಾ ಗಡಿಯಲ್ಲೋ ಕಾಳಿಂದಿ ಕುಂಜ್‌ನಲ್ಲೋ ಪಾಸ್ ಕೇಳಿ, ಹಣೆಗೆ ಉಷ್ಣಮಾಪಕ ಹಿಡಿದು ಗುರುತಿಸುವುದು ಸಾಧ್ಯವಿರಲಿಲ್ಲ. ತಡೆಯಲು ಸಾಧ್ಯವಿದ್ದದ್ದು ಮನುಷ್ಯರನ್ನು ಮಾತ್ರ, ಅವರಲ್ಲೂ ಸರ್ಕಾರಿ ಗುರುತಿನ ಚೀಟಿ ಅಥವಾ ಕಂಪನಿಯ ಪತ್ರವಿಲ್ಲದ ಮನೆಗೆಲಸದವರು, ಕಟ್ಟಡ ಕೂಲಿಗಳು, ಚಿಕ್ಕ ಅಂಗಡಿಗಳ ಸಹಾಯಕರು ಮೊದಲು ಸಿಕ್ಕಿಬಿದ್ದರು.

ಹಾಗೆಂದು ಸ್ಥಳೀಯ ನಿರ್ಬಂಧವೇ ತಪ್ಪು ಎಂದಾಗುವುದಿಲ್ಲ. ಕಂಟೈನ್‌ಮೆಂಟ್ ವಲಯ, ಎಂದರೆ ಪ್ರಕರಣಗಳು ಕಂಡುಬಂದ ಬೀದಿಯನ್ನೋ ಕಟ್ಟಡವನ್ನೋ ಮಾತ್ರ ಮುಚ್ಚಿ, ಒಳಗಿನವರಿಗೆ ದಿನಸಿ ತಲುಪಿಸಿ, ಮನೆಮನೆಗೆ ಹೋಗಿ ಪರೀಕ್ಷಿಸುವ ಕ್ರಮ, ರೋಗ ಇರುವ ಜಾಗವನ್ನೇ ಗುರಿಯಾಗಿಸಿತ್ತು. ಕನ್ನಡ ಪತ್ರಿಕೆಗಳು ಸೀಲ್‌ಡೌನ್ ಎಂದು ಬರೆದದ್ದು ಇದನ್ನೇ. ಉತ್ತರ ಪ್ರದೇಶವೇ 2020ರ ಮೇ ತಿಂಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಒಂದು ಪ್ರಕರಣ ಕಂಡರೆ ಆ ಒಂದು ಕಟ್ಟಡವನ್ನಷ್ಟೇ ಮುಚ್ಚುವ ನಿಯಮ ತಂದಿತು. ಒಂದು ಕಡೆ ಕಟ್ಟಡದ ಮಟ್ಟಕ್ಕೆ ಇಳಿದ ಸೂಕ್ಷ್ಮತೆ, ಇನ್ನೊಂದು ಕಡೆ ಇಡೀ ರಾಜ್ಯವನ್ನೇ ಹೊರಗಿಡುವ ಒರಟುತನ, ಎರಡೂ ಒಂದೇ ಆಡಳಿತದಿಂದ ಒಂದೇ ತಿಂಗಳಲ್ಲಿ ಬಂದವು. ಮೊದಲನೆಯದಕ್ಕೆ ಆರೋಗ್ಯ ಕಾರ್ಯಕರ್ತೆಯರ ಕಾಲ್ನಡಿಗೆ ಬೇಕಿತ್ತು, ಎರಡನೆಯದಕ್ಕೆ ನಾಲ್ಕು ಪೊಲೀಸರು ಸಾಕಿತ್ತು.

ಆಸ್ಪತ್ರೆಗಳ ವಿಷಯದಲ್ಲಿ ಗಡಿಯ ತರ್ಕ ತನ್ನ ತುದಿ ಮುಟ್ಟಿತು. ಕೇಂದ್ರ ಸರ್ಕಾರದ ಆಸ್ಪತ್ರೆಗಳನ್ನು ಬಿಟ್ಟು ಉಳಿದವುಗಳಲ್ಲಿ ದೆಹಲಿಯ ನಿವಾಸಿಗಳಿಗೆ ಮಾತ್ರ ಚಿಕಿತ್ಸೆ ಎಂದು 2020ರ ಜೂನ್ 7ರಂದು ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಸರ್ಕಾರ ಆದೇಶಿಸಿತು. ಮರುದಿನವೇ ಉಪರಾಜ್ಯಪಾಲ ಅನಿಲ್ ಬೈಜಲ್, ದೆಹಲಿ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ, ಅದನ್ನು ರದ್ದುಗೊಳಿಸಿದರು. ಈ ಜಗಳ ಹೊಸದೇನಲ್ಲ. ಗಾಜಿಯಾಬಾದಿಗೆ ಅಂಟಿಕೊಂಡಂತಿರುವ ದಿಲ್ಶಾದ್ ಗಾರ್ಡನ್‌ನ ಗುರು ತೇಗ್ ಬಹಾದುರ್ ಆಸ್ಪತ್ರೆಯಲ್ಲಿ ಶೇ. 80ರಷ್ಟು ಹಾಸಿಗೆಗಳನ್ನು ದೆಹಲಿಯವರಿಗೆ ಮೀಸಲಿಟ್ಟ ಸುತ್ತೋಲೆಯನ್ನು ದೆಹಲಿ ಹೈಕೋರ್ಟ್ 2018ರ ಅಕ್ಟೋಬರಿನಲ್ಲಿಯೇ ತಳ್ಳಿಹಾಕಿತ್ತು. ಎರಡು ವರ್ಷವೂ ತುಂಬುವ ಮೊದಲು ಅದೇ ತಪ್ಪು ಇನ್ನೂ ದೊಡ್ಡ ಪ್ರಮಾಣದಲ್ಲಿ ಮರಳಿತು. 2021ರ ಏಪ್ರಿಲ್‌ನ ಎರಡನೆಯ ಅಲೆಯಲ್ಲಿ ಗಡಿ ದಾಟಬೇಕಾದ ಸರದಿ ದೆಹಲಿಯದಾಯಿತು: ಅದರ ಆಸ್ಪತ್ರೆಗಳಿಗೆ ಬೇಕಾದ ಆಮ್ಲಜನಕದ ಟ್ಯಾಂಕರುಗಳು ಹೊರಡುತ್ತಿದ್ದುದು ಹರಿಯಾಣದ ಪಾನಿಪತ್, ಉತ್ತರ ಪ್ರದೇಶದ ಮೋದಿನಗರದಂಥ ಜಾಗಗಳಿಂದ, ಮತ್ತು ಅವನ್ನು ದಾರಿಯಲ್ಲಿ ತಡೆಯಲಾಗುತ್ತಿದೆ ಎಂಬ ದೂರು ಈ ಬಾರಿ ದೆಹಲಿ ಸರ್ಕಾರದಿಂದಲೇ ಬಂತು.

ಕನ್ನಡ ಓದುಗರಿಗೆ ಇದರ ಪಡಿಯಚ್ಚು ಕರ್ನಾಟಕ–ಕೇರಳ ಗಡಿಯ ತಲಪಾಡಿಯಲ್ಲಿ ಸಿಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಕೇರಳದ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಜೇಶ್ವರ ಮತ್ತು ಕಾಸರಗೋಡಿನ ಜನ, ಅವರಲ್ಲಿ ಮನೆಮಾತು ಕನ್ನಡವೂ ತುಳುವೂ ಆದವರು ಬಹಳ, ತಾವು ತಲೆಮಾರುಗಳಿಂದ ಹೋಗುತ್ತಿದ್ದ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಗಿನವರಾದರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಕಾಸರಗೋಡಿನ ಕಡೆಯಲ್ಲಿ ಸಾವುಗಳಾಗಿವೆ ಎಂಬ ಅಹವಾಲು ನ್ಯಾಯಾಲಯದ ಮೆಟ್ಟಿಲೇರಿತು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ತಡೆಗಳನ್ನು ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ಸುಪ್ರೀಂ ಕೋರ್ಟಿಗೆ ಹೋದ ವ್ಯಾಜ್ಯ ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡುವ ಒಪ್ಪಂದದೊಂದಿಗೆ ಮುಗಿಯಿತು. ಅದಕ್ಕೂ ಹಿಂದೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಆ ಊರೂ ಎರಡು ಆಡಳಿತಗಳ ನಡುವೆ ಹಂಚಿಹೋಗಿತ್ತು: ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರದ್ದು. ರೈಲು ಹತ್ತಿ ಬಂದ ಪ್ಲೇಗು ಎರಡೂ ಕಡೆ ಜನರನ್ನು ಕೊಂದಿತು, ಮತ್ತು ಆಮೇಲಿನ ವರ್ಷಗಳಲ್ಲಿ ಎರಡೂ ಆಡಳಿತಗಳು ಗಾಳಿಬೆಳಕಿನ ಬಡಾವಣೆಗಳನ್ನು ಬೇರೆಬೇರೆಯಾಗಿ ಬೆಳೆಸಿದವು, ಒಂದು ಕಡೆ ಮಲ್ಲೇಶ್ವರ ಮತ್ತು ಬಸವನಗುಡಿ, ಇನ್ನೊಂದು ಕಡೆ ಫ್ರೇಜರ್ ಟೌನ್.

ಅದೇ ಪ್ಲೇಗಿನ ಆತಂಕದಲ್ಲಿ, ಮುಂಬಯಿಯಲ್ಲಿ ರೋಗ ಕಾಣಿಸಿಕೊಂಡ ಕೆಲವೇ ತಿಂಗಳುಗಳಲ್ಲಿ, ಅವಸರದಿಂದ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 2020ರಲ್ಲೂ ರಾಜ್ಯಗಳ ಮುಖ್ಯ ಆಯುಧವಾಗಿತ್ತು. ಕೆಲವೇ ಕಲಮುಗಳ ಈ ಕಾಯ್ದೆ ರಾಜ್ಯಕ್ಕೆ ತನಗೆ ಅಗತ್ಯವೆನಿಸಿದ ಯಾವುದೇ ನಿಯಮ ಮಾಡಲು ಬಿಡುತ್ತದೆ, ನೆರೆಯ ರಾಜ್ಯದ ಜೊತೆ ಮಾತಾಡಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಸಂವಿಧಾನ ಇಷ್ಟು ಕುರುಡಾಗಿಲ್ಲ ಎಂಬುದು ಗಮನಾರ್ಹ. ಸಾರ್ವಜನಿಕ ಆರೋಗ್ಯವನ್ನು ರಾಜ್ಯಗಳಿಗೆ ಬಿಟ್ಟರೂ ಅದರ ಏಳನೆಯ ಅನುಸೂಚಿ, ಎಂದರೆ ಕೇಂದ್ರ ಮತ್ತು ರಾಜ್ಯಗಳ ನಡುವೆ ಶಾಸನಾಧಿಕಾರವನ್ನು ಹಂಚುವ ಪಟ್ಟಿ, ರಾಜ್ಯದಿಂದ ರಾಜ್ಯಕ್ಕೆ ರೋಗ ಹರಡುವುದನ್ನು ತಡೆಯುವ ವಿಷಯವನ್ನು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯ 29ನೆಯ ನಮೂದಿನಲ್ಲಿಯೂ, ಅಂತರರಾಜ್ಯ ಕ್ವಾರಂಟೈನನ್ನು ಕೇಂದ್ರ ಪಟ್ಟಿಯ 81ನೆಯ ನಮೂದಿನಲ್ಲಿಯೂ ಇಟ್ಟಿದೆ. ಆದರೆ 2020ರ ಮೇ 30ರ ಕೇಂದ್ರ ಗೃಹ ಸಚಿವಾಲಯದ ಆದೇಶ ರಾಜ್ಯಗಳ ನಡುವಿನ ಓಡಾಟಕ್ಕೆ ತಡೆಯಿಲ್ಲ ಎಂದು ಹೇಳಿ, ಮುಂದಿನ ಉಸಿರಿನಲ್ಲೇ ರಾಜ್ಯಗಳು ಬೇಕೆಂದರೆ ಮುಂಚಿತವಾಗಿ ಪ್ರಚಾರ ಕೊಟ್ಟು ತಡೆಯಬಹುದು ಎಂದಿತು. ತನ್ನ ಪಾಲಿನ ತೀರ್ಮಾನವನ್ನು ಕೇಂದ್ರ ಹೀಗೆ ಕೈಚೆಲ್ಲಿದ ಮೇಲೆ ಜನ ನ್ಯಾಯಾಲಯಕ್ಕೆ ಹೋಗುವುದೇ ಉಳಿದದ್ದು. ಜೂನ್ 4ರಂದು ಸುಪ್ರೀಂ ಕೋರ್ಟ್ ದೆಹಲಿ, ಹರಿಯಾಣ ಮತ್ತು ಉತ್ತರ ಪ್ರದೇಶ ಮೂರೂ ಸರ್ಕಾರಗಳು ಒಂದು ವಾರದೊಳಗೆ ಕೂತು ಇಡೀ ಪ್ರದೇಶಕ್ಕೆ ಒಂದೇ ನೀತಿ, ಒಂದೇ ಪಾಸ್ ವ್ಯವಸ್ಥೆ ರೂಪಿಸಬೇಕೆಂದು ಸೂಚಿಸಿತು. ಆಗಸ್ಟ್ ಕೊನೆಯ ಆದೇಶದಲ್ಲಷ್ಟೇ ಕೇಂದ್ರ, ಕಂಟೈನ್‌ಮೆಂಟ್ ವಲಯದ ಹೊರಗೆ ತನ್ನನ್ನು ಕೇಳದೆ ಯಾರೂ ಸ್ಥಳೀಯ ಲಾಕ್‌ಡೌನ್ ಹೇರಬಾರದು ಎಂದು ಖಚಿತವಾಗಿ ಹೇಳಿತು.

ಆ ಹೊತ್ತಿಗೆ ಬ್ಯಾರಿಕೇಡುಗಳು ಸರಿದಿದ್ದವು, ಆದರೆ ಆದೇಶಗಳು ಒಂದಾಗಲಿಲ್ಲ. 2021ರ ಜುಲೈನಲ್ಲಿ ದೆಹಲಿ ತನ್ನದೇ ಶ್ರೇಣೀಕೃತ ಕ್ರಿಯಾ ಯೋಜನೆಯನ್ನು ಒಪ್ಪಿಕೊಂಡಿತು. ಪರೀಕ್ಷಿಸಿದವರಲ್ಲಿ ಸೋಂಕಿತರ ಪ್ರಮಾಣ ಶೇ. 0.5 ದಾಟಿದರೆ ಹಳದಿ, ಶೇ. 5 ದಾಟಿದರೆ ಕೆಂಪು, ನಡುವೆ ಇನ್ನೆರಡು ಬಣ್ಣ, ಒಂದೊಂದು ಬಣ್ಣಕ್ಕೆ ಏನೇನು ಮುಚ್ಚಬೇಕೆಂಬ ಪಟ್ಟಿ. ಮುಂಚೆಯೇ ತಿಳಿದಿರುವ ನಿಯಮವೆಂಬ ಕಾರಣಕ್ಕೆ ಇದು ಮೆಚ್ಚತಕ್ಕದ್ದು. ಡಿಸೆಂಬರ್ 28ರಂದು ಹಳದಿ ಎಚ್ಚರಿಕೆ ಹೊರಬಿದ್ದು ದೆಹಲಿಯ ಅಂಗಡಿಗಳು ಸಮ–ಬೆಸ ಸಂಖ್ಯೆಯ ಮೇಲೆ ದಿನ ಬಿಟ್ಟು ದಿನ ತೆರೆಯತೊಡಗಿದವು, ರಾತ್ರಿ ಕರ್ಫ್ಯೂ 10 ಗಂಟೆಗೆ ಶುರುವಾಯಿತು. ಗಡಿಯಾಚೆಯ ಎರಡೂ ರಾಜ್ಯಗಳಲ್ಲಿ ಕರ್ಫ್ಯೂ 11ಕ್ಕೆ, ಅಂಗಡಿಗಳಿಗೆ ಸಮ–ಬೆಸದ ಲೆಕ್ಕವಿಲ್ಲ. ದೆಹಲಿಯಲ್ಲಿ ಬಾಗಿಲು ಹಾಕಿದ ಚಿತ್ರಮಂದಿರದ ಗಿರಾಕಿ ಮೆಟ್ರೋ ಹಿಡಿದು ನೋಯ್ಡಾದ ಚಿತ್ರಮಂದಿರಕ್ಕೆ ಹೋಗುವುದನ್ನು ಯಾವ ಬಣ್ಣವೂ ತಡೆಯುವಂತಿರಲಿಲ್ಲ.

ದೆಹಲಿ ಆ ಯೋಜನೆಯ ಹೆಸರನ್ನೂ ಮಾದರಿಯನ್ನೂ ಪಡೆದದ್ದು ವಾಯುಮಾಲಿನ್ಯಕ್ಕೆಂದು 2017ರಲ್ಲಿ ಜಾರಿಗೆ ಬಂದ ಯೋಜನೆಯಿಂದ, ಮತ್ತು ಅಸಲಿನ ವ್ಯತ್ಯಾಸ ಇರುವುದು ಇಲ್ಲೇ. ಹೊಗೆಯ ವಿಷಯದಲ್ಲಿ, ಇದೇ ಕೋವಿಡ್ ನಡುವೆ, 2020ರ ಅಕ್ಟೋಬರಿನಲ್ಲಿ ಕೇಂದ್ರ ಸುಗ್ರೀವಾಜ್ಞೆ ಹೊರಡಿಸಿ, 2021ರಲ್ಲಿ ಕಾಯ್ದೆಯನ್ನೇ ಮಾಡಿ, ರಾಜಧಾನಿ ಪ್ರದೇಶ ಮತ್ತು ಅಕ್ಕಪಕ್ಕದ ನೆಲಕ್ಕೆ ಒಂದೇ ವಾಯುಗುಣಮಟ್ಟ ನಿರ್ವಹಣಾ ಆಯೋಗವನ್ನು ನೇಮಿಸಿತು. ಅದರ ಆದೇಶಕ್ಕೂ ರಾಜ್ಯದ ಆದೇಶಕ್ಕೂ ವಿರೋಧ ಬಂದರೆ ಆಯೋಗದ್ದೇ ನಡೆಯುತ್ತದೆ. ಆ ಆಯೋಗದ ಸಾಧನೆಯ ಬಗ್ಗೆ ದೆಹಲಿಯ ಚಳಿಗಾಲದಲ್ಲಿ ಉಸಿರಾಡುವವರು ದೊಡ್ಡ ಮಾತೇನೂ ಆಡಲಾರರು, ಆದರೂ ಗಾಳಿಗೆ ರಾಜ್ಯದ ಗಡಿ ಅನ್ವಯಿಸದೆಂಬುದು ಅದರಿಂದ ಕಾನೂನಾಯಿತು. ಸೋಂಕಿನ ವಿಷಯದಲ್ಲಿ ಅಂಥದ್ದೊಂದು ಪ್ರಾಧಿಕಾರ ಈ ಪ್ರದೇಶಕ್ಕೆ ಸಿಗಲಿಲ್ಲ. 1985ರ ಕಾಯ್ದೆಯಡಿ ರಚನೆಯಾದ ರಾಜಧಾನಿ ಪ್ರದೇಶದ ಯೋಜನಾ ಮಂಡಳಿಗೆ ಇಂಥ ಅಧಿಕಾರವಿಲ್ಲ. 2024ರ ಫೆಬ್ರುವರಿಯಲ್ಲಿ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 286ನೆಯ ವರದಿಯಲ್ಲಿ, 1897ರ ಕಾಯ್ದೆಯನ್ನು ತಿದ್ದಬೇಕು ಅಥವಾ ಹೊಸದನ್ನೇ ತರಬೇಕು, ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಆಡಳಿತಗಳ ಅಧಿಕಾರವನ್ನು ಸ್ಪಷ್ಟವಾಗಿ ವಿಂಗಡಿಸುವ ಸಾಂಕ್ರಾಮಿಕ ಯೋಜನೆಯೊಂದನ್ನು ರೂಪಿಸಬೇಕು ಎಂದು ಶಿಫಾರಸು ಮಾಡಿತು. ಆ ಯೋಜನೆಯಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ನಡುವೆ ಇನ್ನೊಂದು ಹಂತ ಬೇಕಾಗುತ್ತದೆ: ರಾಜಧಾನಿ ಪ್ರದೇಶದಂತೆ, ಮಂಗಳೂರು–ಕಾಸರಗೋಡಿನಂತೆ, ಜನ ದಿನಾ ಗಡಿ ದಾಟಿ ಬದುಕುವ ನೆಲಗಳನ್ನು ಮುಂಚಿತವಾಗಿ ಗುರುತಿಸಿ, ಅಲ್ಲಿನ ಆಸ್ಪತ್ರೆ, ಪರೀಕ್ಷೆ ಮತ್ತು ಪಾಸುಗಳ ಬಗ್ಗೆ ಆದೇಶ ಹೊರಡಿಸುವ ಅಧಿಕಾರ ಒಂದೇ ಕೈಯಲ್ಲಿ ಇರುವ ಹಂತ.